ದಪ್ಪ ಗ್ಲೌಸ್ ಹಾಕಿದರೆ ಕೈ ಬೆಚ್ಚಗಿರುತ್ತದೆಯೇ?

ಮಾನ್ಯ ಸಂಪಾದಕರೇ,

ಚಳಿಗಾಲದಲ್ಲಿ ಮೌಂಟನ್ ಬೈಕ್, ಅಂದರೆ ಗುಡ್ಡದ ಕಚ್ಚಾದಾರಿಯಲ್ಲಿ ಓಡಿಸುವ ಸೈಕಲ್, ಓಡಿಸುವುದರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಟೈರಿಗೆ ಗಾಳಿ ಎಷ್ಟಿರಬೇಕು, ಲೈಟ್ ಹೇಗಿರಬೇಕು, ಜಾಕೆಟ್ ಯಾವ ತರಹದ್ದು ಬೇಕು, ಎಲ್ಲ ಚೆನ್ನಾಗಿತ್ತು. ಕೈಯ ವಿಷಯಕ್ಕೆ ಬಂದಾಗ ಮಾತ್ರ ಒಂದೇ ಸಾಲು: ದಪ್ಪನೆಯ ಗ್ಲೌಸ್ ಹಾಕಿಕೊಳ್ಳಿ. ಅಷ್ಟೇ. ಇದೇ ಮಾತನ್ನು ನಂಬಿ ನಾನು ಒಮ್ಮೆ ಪೊದೆಯೊಳಗೆ ಹೋಗಿ ಬಿದ್ದವನು. ಹಾಗಾಗಿ ಈ ಪತ್ರ.

ಆಗ ನನಗೆ ಈ ಸವಾರಿ ಹೊಸದು. ಅಂಗಡಿಯವರು ಹಿಮದಲ್ಲಿ ಸ್ಕೀ ಆಡುವವರ ಗ್ಲೌಸ್ ಒಂದು ಜೊತೆ ತೆಗೆದುಕೊಟ್ಟು, ಇದಕ್ಕಿಂತ ಬೆಚ್ಚಗಿರುವುದು ಇನ್ನೊಂದಿಲ್ಲ ಅಂದರು. ಸುಳ್ಳೇನೂ ಹೇಳಲಿಲ್ಲ. ದಿಂಬಿನೊಳಗೆ ಕೈ ತೂರಿಸಿದ ಹಾಗಿತ್ತು. ಏರು ಹತ್ತಲು ಶುರು ಮಾಡಿದ ಹತ್ತೇ ನಿಮಿಷಕ್ಕೆ ಒಳಗೆಲ್ಲ ಬೆವರು. ಮೇಲೆ ತಲುಪಿ, ಸ್ವಲ್ಪ ಹೊತ್ತು ನಿಂತು, ನೀರು ಕುಡಿದು, ಇಳಿಜಾರಿಗೆ ಸೈಕಲ್ ಬಿಟ್ಟೆ. ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿಯೋಣ ಅಂತ ಬೆರಳು ಚಾಚಿದರೆ ಲಿವರ್ ಎಲ್ಲಿದೆ ಅಂತಲೇ ತಿಳಿಯಲಿಲ್ಲ. ಒದ್ದೆಯಾಗಿ ಮರಗಟ್ಟಿದ ಬೆರಳು, ಅದರ ಮೇಲೆ ಆ ದಪ್ಪ ಹೊದಿಕೆ. ಗಂಟೆಗೆ 30 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 8 ಮೀಟರಿಗಿಂತ ಜಾಸ್ತಿ. ನಾನು ತಡಕಾಡಿದ್ದು ಒಂದೇ ಸೆಕೆಂಡ್ ಇರಬಹುದು. ಮುಂದೆ ಅಷ್ಟು ದಾರಿ ಇರಲಿಲ್ಲ.

ಪೊದೆಗೆ ಧನ್ಯವಾದ. ಬಂಡೆ ಇದ್ದಿದ್ದರೆ ಈ ಪತ್ರ ಬರೆಯಲು ಕೈ ಇರುತ್ತಿತ್ತೋ ಇಲ್ಲವೋ.

ಆಮೇಲೆ ಹಲವು ಚಳಿಗಾಲ ಕಳೆದಿವೆ. ಸುಮಾರು ಜೊತೆ ಗ್ಲೌಸ್ ಕೊಂಡು, ಹಾಳು ಮಾಡಿ, ಕೆಲವನ್ನು ಬೇರೆಯವರ ತಲೆಗೆ ಕಟ್ಟಿ, ಒಂದಿಷ್ಟು ಕಲಿತಿದ್ದೇನೆ. ನನ್ನ ವಾದ ಇಷ್ಟೇ: ಮೌಂಟನ್ ಬೈಕ್ ಗ್ಲೌಸನ್ನು ಆರಿಸಬೇಕಾದವನು ನಿಮ್ಮ ತೋರುಬೆರಳು. ಬ್ರೇಕ್ ಹಿಡಿಯುವವನು ಅವನೇ, ಎಲ್ಲರಿಗಿಂತ ಮೊದಲು ತಣ್ಣಗಾಗುವವನೂ ಅವನೇ.

ಯಾಕೆ ಅಂತ ಹೇಳುತ್ತೇನೆ. ಬೆರಳಿನೊಳಗೆ ಅದನ್ನು ಮಡಚಿ ಚಾಚುವ ಸ್ನಾಯುಗಳೇ ಇಲ್ಲ. ಆ ಸ್ನಾಯುಗಳು ಇರುವುದು ಮುಂಗೈಯಲ್ಲಿ ಮತ್ತು ಅಂಗೈಯಲ್ಲಿ, ಬೆರಳಿಗೆ ಬರುವುದು ಹಗ್ಗದಂಥ ಎಳೆಗಳು ಮಾತ್ರ. ಅಂದರೆ ಬೆರಳು ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದು ತೀರಾ ಕಡಿಮೆ. ರಕ್ತ ತಂದುಕೊಟ್ಟಷ್ಟೇ ಅದಕ್ಕೆ ಗತಿ. ಮೈ ತಣ್ಣಗಾಗುತ್ತಿದೆ ಅನಿಸಿದ ಕೂಡಲೇ ದೇಹ ಮೊದಲು ಕತ್ತರಿ ಹಾಕುವುದು ಕೈಕಾಲಿನ ತುದಿಗೆ ಹೋಗುವ ರಕ್ತಕ್ಕೆ. ಹೃದಯ, ಮಿದುಳು ಬೆಚ್ಚಗಿದ್ದರೆ ಸಾಕು, ಬೆರಳು ಆಮೇಲೆ ನೋಡಿಕೊಳ್ಳೋಣ ಅನ್ನುವ ಲೆಕ್ಕ. ನಡೆಯುವಾಗ, ಓಡುವಾಗ ಕೈ ಬೀಸುತ್ತಿರುತ್ತೇವೆ. ಸೈಕಲ್ ಮೇಲೆ ಕಾಲು ದುಡಿಯುತ್ತದೆ, ಕೈ ಹ್ಯಾಂಡಲ್ ಹಿಡಿದು ಸುಮ್ನೆ ಗಾಳಿಗೆ ಎದೆಯೊಡ್ಡಿ ಕೂತಿರುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಇನ್ನೂ ಕೆಟ್ಟದ್ದು. ಹಿಂಡಿದ ಕೈಯಲ್ಲಿ ರಕ್ತ ಸರಿಯಾಗಿ ಓಡಾಡುವುದಿಲ್ಲ. ಭಯಕ್ಕೆ ಬಿಗಿಯಾಗಿ ಹಿಡಿಯುವವರ ಕೈ ಬೇಗ ಮರಗಟ್ಟುವುದು ಇದಕ್ಕೇ.

ಇನ್ನು ಗಾಳಿ. ಹೊರಗೆ ಒಂದು ಎಲೆಯೂ ಅಲ್ಲಾಡದಿದ್ದರೂ ಇಳಿಜಾರಿನಲ್ಲಿ ನಿಮ್ಮ ಗಾಳಿಯನ್ನು ನೀವೇ ಹುಟ್ಟಿಸುತ್ತೀರಿ. ಅಮೆರಿಕ ಮತ್ತು ಕೆನಡಾದವರು 2001ರಲ್ಲಿ ಜಾರಿಗೆ ತಂದ ಗಾಳಿಚಳಿಯ ಲೆಕ್ಕ ಒಂದಿದೆ. ಅದರ ಪ್ರಕಾರ 5 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಹೆಚ್ಚುಕಡಿಮೆ 0 ಡಿಗ್ರಿಯಂತೆ ಅನಿಸುತ್ತದೆ. 0 ಡಿಗ್ರಿ ಇದ್ದರೆ ಮೈನಸ್ 6ರಂತೆ. ಇದು ಬರಿ ಮುಖಕ್ಕೆ ಮಾಡಿದ ಲೆಕ್ಕ, ಗ್ಲೌಸ್ ಹಾಕಿದ ಕೈಗೆ ಹಾಗೇ ಹೊಂದುವುದಿಲ್ಲ. ಆದರೆ ಗಾಳಿ ಒಳಗೆ ನುಗ್ಗುವ ಗ್ಲೌಸ್ ಇದ್ದರೆ ಅದೂ ಬರಿಗೈಯೇ ಅಲ್ವಾ? ಕೈಯಲ್ಲಿ ಹೆಣೆದ ದಪ್ಪ ಉಣ್ಣೆ ಗ್ಲೌಸ್ ಮನೆ ಬಾಗಿಲಲ್ಲಿ ನಿಂತಾಗ ಸ್ವರ್ಗ. ವೇಗ ಹೆಚ್ಚಿದ ಕೂಡಲೇ ಜರಡಿ. ಹೊರಗೆ ಗಾಳಿ ತಡೆಯುವ ತೆಳ್ಳನೆಯ ಬಟ್ಟೆ, ಒಳಗೆ ಒಂದು ತೆಳು ಪದರ ಉಣ್ಣೆ ಅಥವಾ ಫ್ಲೀಸ್ ಇರುವ ಗ್ಲೌಸ್ ಅದರ ಅರ್ಧ ದಪ್ಪವೂ ಇಲ್ಲದೆ ಅದಕ್ಕಿಂತ ಬೆಚ್ಚಗಿರುತ್ತದೆ.

ಗ್ಲೌಸ್ ನಮಗೆ ಶಾಖ ಕೊಡುವುದಿಲ್ಲ, ಇರುವ ಶಾಖ ಹೋಗದಂತೆ ಹಿಡಿದಿಡುತ್ತದೆ. ಹಿಡಿದಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರ ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ಕೂತ ಗಾಳಿ. ಥಿನ್ಸುಲೇಟ್, ಪ್ರೈಮಾಲಾಫ್ಟ್ ಅಂತ ಲೇಬಲ್ ಮೇಲೆ ಕಾಣುವ ನಾರುಗಳ ಗುಟ್ಟು ಕೂಡ ಇಷ್ಟೇ, ತುಂಬಾ ಸಣ್ಣ ಎಳೆಗಳು, ಅವುಗಳ ಮಧ್ಯೆ ತುಂಬಾ ಗಾಳಿ. ಈಗ ನೋಡಿ, ಅಂಗೈ ಕಡೆ ಇದನ್ನು ಎಷ್ಟು ತುಂಬಿದರೂ ಹ್ಯಾಂಡಲ್ ಹಿಡಿದ ಕೂಡಲೇ ಅದು ಹಿಂಡಿಹೋಗುತ್ತದೆ, ಗಾಳಿ ಆಚೆ ಹೋಗುತ್ತದೆ, ಉಳಿಯುವುದು ಬರಿ ದಪ್ಪ. ಆ ದಪ್ಪದಿಂದ ಗ್ರಿಪ್ ತೋರ ಆದಂತಾಗಿ, ಹಿಡಿಯಲು ಜಾಸ್ತಿ ಬಲ ಹಾಕಬೇಕಾಗಿ, ಅರ್ಧ ಇಳಿಜಾರಿಗೇ ಮುಂಗೈ ಸ್ನಾಯು ಕಲ್ಲಿನಂತಾಗುತ್ತದೆ. ಹಾಗಾಗಿ ಒಳ್ಳೆಯ ಸೈಕಲ್ ಗ್ಲೌಸಿನಲ್ಲಿ ಅಂಗೈ ತೆಳ್ಳಗಿರುತ್ತದೆ, ಕೈಯ ಮೇಲ್ಭಾಗ ದಪ್ಪಗಿರುತ್ತದೆ. ಗಾಳಿ ಬಡಿಯುವುದೂ ಅಲ್ಲೇ ತಾನೇ. ಕೊಳ್ಳುವಾಗ ಮೊದಲು ಇದನ್ನೇ ನೋಡಿ, ಎರಡು ಬೆರಳಿನ ನಡುವೆ ಅಂಗೈ ಬಟ್ಟೆಯನ್ನು ಚಿವುಟಿ, ಆಮೇಲೆ ಮೇಲ್ಭಾಗವನ್ನು ಚಿವುಟಿ. ಎರಡೂ ಒಂದೇ ದಪ್ಪ ಇದ್ದರೆ ಅದನ್ನು ಮಾಡಿದವರು ಸೈಕಲ್ ಬಗ್ಗೆ ಯೋಚಿಸಿಲ್ಲ ಅಂತ ಅರ್ಥ.

ಬೆವರಿನ ಕತೆ ಇದಕ್ಕಿಂತ ದೊಡ್ಡದು, ನಮ್ಮಲ್ಲಿ ಹೆಚ್ಚಿನವರು ಎಡವುವುದೂ ಇಲ್ಲೇ. ರಸ್ತೆ ಮೇಲೆ ಸೈಕಲ್ ಓಡಿಸುವವರದು ಹೆಚ್ಚುಕಡಿಮೆ ಒಂದೇ ಸಮನೆ ವೇಗ. ನಮ್ಮದು ಹಾಗಲ್ಲ. ಏರಿನಲ್ಲಿ ನಡೆಯುವವರಿಗಿಂತ ಸ್ವಲ್ಪ ಬೇಗ ಹೋಗುತ್ತಾ ಎದೆ ಒಡೆಯುವಂತೆ ದುಡಿಯುತ್ತೇವೆ, ಗಾಳಿಯೇ ಇರುವುದಿಲ್ಲ, ಬೆವರು ಕಿತ್ತು ಬರುತ್ತದೆ. ಮೇಲೆ ತಲುಪಿದ ಮೇಲೆ ಅದೇ ಒದ್ದೆ ಕೈ ಹಿಡಿದುಕೊಂಡು ರೊಯ್ಯನೆ ಇಳಿಯುತ್ತೇವೆ, ಅಲ್ಲಿ ದುಡಿಮೆ ಕಡಿಮೆ, ಗಾಳಿ ಜಾಸ್ತಿ. ನೀರಿಗೆ ಶಾಖ ಸಾಗಿಸುವ ಶಕ್ತಿ ನಿಂತ ಗಾಳಿಗಿಂತ 20 ಪಟ್ಟಿಗೂ ಹೆಚ್ಚು. ಎಳೆಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ಬೆವರು ಕೂತರೆ ಗ್ಲೌಸಿನ ಬೆಲೆ ಎಷ್ಟಿದ್ದರೇನು? ಮೇಲಿಂದ ಆ ನೀರು ಆರುವಾಗಲೂ ಕೈಯ ಶಾಖವನ್ನೇ ಕದಿಯುತ್ತದೆ.

ಇದಕ್ಕೆ ನಾನು ಕಂಡುಕೊಂಡ ದಾರಿ ತುಂಬಾ ಸರಳ. ಎರಡು ಜೊತೆ ಒಯ್ಯುವುದು. ಹತ್ತುವಾಗ ತೆಳ್ಳನೆಯದು, ಇಳಿಯುವಾಗ ಬೆಚ್ಚನೆಯದು. ಬೆಚ್ಚನೆಯದನ್ನು ಚೀಲದಲ್ಲಿ ಇಡಬೇಡಿ, ಅಲ್ಲಿ ಅದೂ ಐಸ್ ಆಗಿರುತ್ತದೆ. ಜಾಕೆಟ್ ಒಳಗೆ, ಹೊಟ್ಟೆಯ ಹತ್ತಿರ ಇಟ್ಟುಕೊಳ್ಳಿ. ಮೇಲೆ ತಲುಪಿ ಕೈ ಒರೆಸಿಕೊಂಡು ಅದನ್ನು ಹಾಕಿದಾಗ ಆಗುವ ಸುಖ ಹಾಕಿದವರಿಗೇ ಗೊತ್ತು. ಒಂದು ದುಬಾರಿ ಜೊತೆಗಿಂತ ಸಾಧಾರಣದ ಎರಡು ಜೊತೆ ವಾಸಿ ಅಂತ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕೇಳದವರಿಗೂ ಹೇಳುತ್ತೇನೆ, ಮನೆಯವರ ದೂರು ಅದೇ.

ಒಳಗೆ ಹಾಕುವ ತೆಳು ಲೈನರ್ ಕೂಡ ಒಳ್ಳೆಯದೇ, ಅದರಲ್ಲೂ ಮೆರಿನೊ ಉಣ್ಣೆಯದು. ಉಣ್ಣೆ ತನ್ನ ತೂಕದ ಶೇಕಡಾ 30ರಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಹತ್ತಿ ಮಾತ್ರ ಬೇಡವೇ ಬೇಡ, ಒದ್ದೆ ಬಟ್ಟೆ ಸುತ್ತಿಕೊಂಡ ಹಾಗಾಗುತ್ತದೆ. ಆದರೆ ಲೈನರ್ ಹಾಕುವ ಯೋಚನೆ ಇದ್ದರೆ ಹೊರಗಿನ ಗ್ಲೌಸನ್ನು ಲೈನರ್ ಹಾಕಿಕೊಂಡೇ ಅಳತೆ ನೋಡಬೇಕು. ಇರುವ ಬಿಗಿ ಗ್ಲೌಸಿನೊಳಗೆ ಇನ್ನೊಂದು ತುರುಕಿದರೆ ಕೈ ಬೆಚ್ಚಗಾಗುವ ಬದಲು ಇನ್ನೂ ತಣ್ಣಗಾಗುತ್ತದೆ. ರಕ್ತಕ್ಕೂ ಜಾಗ ಇಲ್ಲ, ಗಾಳಿಗೂ ಜಾಗ ಇಲ್ಲ.

ಅಳತೆ ಅಂದಾಗ ನೆನಪಾಯಿತು. ಹೆಚ್ಚಿನವರು ಗ್ಲೌಸ್ ಹಾಕಿ, ಕೈ ಚಪ್ಪಟೆಯಾಗಿ ಚಾಚಿ, ಹಿಂದೆ ಮುಂದೆ ತಿರುಗಿಸಿ ನೋಡಿ ಸರಿಯಾಗಿದೆ ಅನ್ನುತ್ತಾರೆ. ಚಪ್ಪಾಳೆ ತಟ್ಟುವುದಕ್ಕಾದರೆ ಸರಿ. ಸೈಕಲ್ ಮೇಲೆ ಬೆರಳು ಮಡಚಿರುತ್ತದೆ, ಮಡಚಿದಾಗ ಗೆಣ್ಣಿನ ಮೇಲೆ ಬಟ್ಟೆ ಬಿಗಿಯುತ್ತದೆ, ಬೆರಳ ತುದಿ ಗ್ಲೌಸಿನ ತುದಿಗೆ ಒತ್ತುತ್ತದೆ. ಆ ಒತ್ತಿದ ಜಾಗದಲ್ಲೇ ಮೊದಲು ಚಳಿ ಕಚ್ಚುವುದು. ಹಾಗಂತ ತುದಿ ಉದ್ದ ಬಿಟ್ಟರೆ ಆ ಖಾಲಿ ಬಟ್ಟೆ ಲಿವರ್ ಮತ್ತು ಗ್ರಿಪ್ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಗಡಿಯಲ್ಲಿ ನಿಂತಿರುವ ಯಾವುದಾದರೂ ಸೈಕಲ್ ಹ್ಯಾಂಡಲ್ ಹಿಡಿದು ನೋಡಿ. ತೋರುಬೆರಳು ಒಂದರಲ್ಲೇ ಬ್ರೇಕ್ ಎಳೆಯಿರಿ, ಬಿಡಿ, ಮತ್ತೆ ಎಳೆಯಿರಿ. ಹೆಬ್ಬೆರಳಲ್ಲಿ ಗೇರ್ ಬದಲಿಸಿ. ನಾಚಿಕೆ ಬೇಡ, ಕೈ ನಿಮ್ಮದು.

ಬ್ರೇಕ್ ಲಿವರ್ ಬಗ್ಗೆ ಒಂದು ಮಾತು. ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಇರುವ ಹೆಚ್ಚಿನ ಸೈಕಲ್‌ಗಳಲ್ಲಿ ಲಿವರ್ ಹ್ಯಾಂಡಲಿಗೆ ಎಷ್ಟು ಹತ್ತಿರ ಇರಬೇಕು ಅಂತ ಹೊಂದಿಸಲು ಸಣ್ಣ ಸ್ಕ್ರೂ ಇರುತ್ತದೆ. ಬೇಸಿಗೆಯ ತೆಳು ಗ್ಲೌಸಿಗೆ ಹೊಂದಿಸಿದ ಲಿವರ್ ಚಳಿಗಾಲದ ಗ್ಲೌಸಿಗೆ ಸರಿಹೋಗುತ್ತದೆ ಅನ್ನುವಂತಿಲ್ಲ. ಹೊಸ ಗ್ಲೌಸ್ ತಂದ ದಿನ ಮನೆಯಲ್ಲೇ ಎರಡು ನಿಮಿಷ ಕೂತು ಅದನ್ನು ತಿರುಗಿಸಿಕೊಳ್ಳಿ. ಇನ್ನೊಂದು, ಲಿವರ್ ಅಲ್ಯೂಮಿನಿಯಂ ಆಗಿದ್ದರೆ ಅದು ಬೆರಳಿನ ಶಾಖವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಕಾರ್ಬನ್ ಲಿವರ್ ಇದ್ದರೆ ಅಷ್ಟು ಕೊರೆಯುವುದಿಲ್ಲ, ಆದರೆ ಅದಕ್ಕಾಗಿ ಬ್ರೇಕ್ ಬದಲಿಸಿ ಅಂತ ನಾನೇನೂ ಹೇಳುತ್ತಿಲ್ಲ. ಬಂಡೆ ಗಿಡ ಇಲ್ಲದ ಕಡೆ ಬೆರಳನ್ನು ಲಿವರಿನಿಂದ ತೆಗೆದು ಗ್ರಿಪ್ ಮೇಲೆ ಇಟ್ಟುಕೊಂಡರೂ ಸಾಕು.

ಮಳೆ ಬಂದರೆ ಮಾತೇ ಬೇರೆ. ಮೈನಸ್ 5ರ ಒಣ ಚಳಿಗಿಂತ 3 ಡಿಗ್ರಿಯ ಜಿಟಿಜಿಟಿ ಮಳೆ ಕೈಗೆ ಹೆಚ್ಚು ಕಷ್ಟ. ಅಂಥ ದಿನ ಗೋರ್-ಟೆಕ್ಸ್ ತರಹದ ಪೊರೆ ಇರುವ ಗ್ಲೌಸ್ ಬೇಕಾಗಬಹುದು. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರಿನ ಆವಿ ಹೊರಗೆ ಹೋಗಬೇಕು ಅನ್ನುವುದು ಅದರ ಕೆಲಸ. ಆದರೆ ಹೊರಗಿನ ಬಟ್ಟೆ ಪೂರ್ತಿ ನೆಂದರೆ ಆವಿ ಹೋಗುವ ದಾರಿ ಮುಚ್ಚಿದಂತೆಯೇ, ಆಮೇಲೆ ಒಳಗೆ ನಿಮ್ಮದೇ ಮಳೆ. ಇಂಥ ಗ್ಲೌಸಿನಲ್ಲಿ ಪೊರೆ ಹಲವು ಸಲ ಒಂದು ಬಿಡಿ ಚೀಲದ ಹಾಗೆ ನಡುವೆ ಇರುತ್ತದೆ, ಒದ್ದೆ ಕೈ ಎಳೆದಾಗ ಒಳಪದರವೂ ಜೊತೆಗೇ ಕಿತ್ತು ಬರುತ್ತದೆ, ಆಮೇಲೆ ಐದೂ ಬೆರಳಿನ ದಾರಿ ಹುಡುಕುತ್ತಾ ಚಳಿಯಲ್ಲಿ ನಿಂತು ಬೈದುಕೊಳ್ಳಬೇಕು. ಕೊಳ್ಳುವಾಗ ಕೈಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಹಾಕಿ ತೆಗೆದು ನೋಡಿದರೆ ಗೊತ್ತಾಗುತ್ತದೆ. ಅಂಗಡಿಯವರು ಬೇಡ ಅಂದರೆ ಕನಿಷ್ಠ ಒಳಪದರದ ಬೆರಳ ತುದಿ ಹೊಲಿದಿದೆಯೋ ಇಲ್ಲವೋ ಎಳೆದು ನೋಡಿ. ಸಣ್ಣ ಮಳೆ ಸವಾರಿಗೆ ನಾನು ನಿಯೋಪ್ರೀನ್ ಗ್ಲೌಸ್ ಹಾಕುತ್ತೇನೆ, ಸಮುದ್ರದಲ್ಲಿ ಮುಳುಗುವವರ ಉಡುಪಿನ ಬಟ್ಟೆ ಅದು. ನೀರು ಒಳಗೆ ಬಂದರೂ ಕೈ ಬೆಚ್ಚಗಿರುತ್ತದೆ. ವಾಸನೆ ಮಾತ್ರ ಕೇಳಬೇಡಿ.

ಮಣಿಕಟ್ಟನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ರಕ್ತನಾಳ ಚರ್ಮದ ಹತ್ತಿರವೇ ಇದೆ, ನಾಡಿ ನೋಡುವುದೇ ಅಲ್ಲಿ. ಗ್ಲೌಸ್ ಮತ್ತು ಜಾಕೆಟ್ ತೋಳಿನ ನಡುವೆ ಎರಡು ಬೆರಳಷ್ಟು ಚರ್ಮ ಕಂಡರೂ ಬೆರಳಿಗೆ ಹೋಗುವ ರಕ್ತ ದಾರಿಯಲ್ಲೇ ತಣ್ಣಗಾಗುತ್ತದೆ. ಉದ್ದ ಪಟ್ಟಿಯ ಗ್ಲೌಸ್ ಇರಲಿ, ಇಲ್ಲವೇ ಹಳೆ ಸಾಕ್ಸಿನ ಪಾದ ಕತ್ತರಿಸಿ ಮೇಲಿನ ಭಾಗವನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ. ನೋಡಲು ಚೆಂದ ಇಲ್ಲ. ಕೆಲಸ ಮಾಡುತ್ತದೆ. ಇದೇ ಲೆಕ್ಕದಲ್ಲಿ ಮೈಗೆ ಒಂದು ತೋಳಿಲ್ಲದ ಬೆಚ್ಚನೆಯ ಅಂಗಿ, ಹೆಲ್ಮೆಟ್ ಒಳಗೆ ತೆಳು ಟೋಪಿ ಹಾಕಿದರೂ ಕೈಗೆ ಲಾಭ. ಮೈ ಬೆಚ್ಚಗಿದ್ದರೆ ಬೆರಳಿಗೆ ರಕ್ತ ಕಳಿಸಲು ದೇಹ ಜಿಪುಣತನ ಮಾಡುವುದಿಲ್ಲ.

ಎಷ್ಟು ಮಾಡಿದರೂ ಕೈ ತಣ್ಣಗೇ ಇರುವವರು ಇದ್ದಾರೆ. ಅವರಿಗೆ ಎರಡೆರಡು ಬೆರಳು ಒಂದೇ ಗೂಡಿನಲ್ಲಿ ಕೂರುವ, ಏಡಿಯ ಕೊಂಡಿಯಂತೆ ಕಾಣುವ ಗ್ಲೌಸ್ ಇದೆ. ಬೆರಳಿಗೆ ಬೆರಳು ತಾಗಿದ್ದರೆ ಒಂದರ ಶಾಖ ಇನ್ನೊಂದಕ್ಕೆ. ಬ್ರೇಕನ್ನು ಎರಡು ಬೆರಳಲ್ಲಿ ಹಿಡಿಯುವ ಅಭ್ಯಾಸ ಮಾಡಿಕೊಳ್ಳಬೇಕಷ್ಟೇ. ಹ್ಯಾಂಡಲಿಗೇ ಕಟ್ಟುವ ಚೀಲದಂಥ ಪೋಗಿ ಕೂಡ ಇದೆ, ಅಲಾಸ್ಕಾದ ಹಿಮದಲ್ಲಿ ದಪ್ಪ ಟೈರಿನ ಸೈಕಲ್ ಓಡಿಸುವವರು ಅದನ್ನೇ ನಂಬುತ್ತಾರೆ, ಅದರೊಳಗೆ ತೆಳು ಗ್ಲೌಸ್ ಸಾಕು. ಸಮತಟ್ಟಾದ ದಾರಿಗೆ ಅದಕ್ಕಿಂತ ಬೆಚ್ಚಗಿರುವುದು ನನಗೆ ಗೊತ್ತಿಲ್ಲ. ಕಡಿದಾದ ಕಲ್ಲುದಾರಿಗೆ ನಾನು ಹಾಕುವುದಿಲ್ಲ, ಬೀಳುವಾಗ ಕೈ ಥಟ್ಟನೆ ಹೊರಗೆ ಬರಬೇಕು. ಬ್ಯಾಟರಿ ಗ್ಲೌಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚಳಿ ಹೆಚ್ಚಿದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ ಅನ್ನುವುದು ನೆನಪಿರಲಿ. ಕಬ್ಬಿಣದ ಪುಡಿಯ ಬಿಸಿ ಪೊಟ್ಟಣಗಳಿಗೆ ಗಾಳಿ ತಾಗಿದರೆ ಮಾತ್ರ ಬಿಸಿ. ನೀರು ಹೋಗದ ಬಿಗಿ ಗ್ಲೌಸಿನೊಳಗೆ ಹಾಕಿ, ಇದು ಮೋಸ ಅಂತ ಬಿಸಾಡಿದವರನ್ನು ನೋಡಿದ್ದೇನೆ.

ಬೆರಳು ಮೇಣದಂತೆ ಬಿಳಿಚಿಕೊಂಡು, ಆಮೇಲೆ ನೀಲಿಯಾಗಿ, ಬಿಸಿಯಾಗುವಾಗ ಕೆಂಪಾಗಿ ಉರಿಯುತ್ತಿದ್ದರೆ, ಅದೂ ಸಣ್ಣ ಚಳಿಗೇ ಪದೇ ಪದೇ ಹಾಗಾಗುತ್ತಿದ್ದರೆ, ಗ್ಲೌಸ್ ಹುಡುಕುವ ಮೊದಲು ಡಾಕ್ಟರಿಗೆ ತೋರಿಸಿ. ಫ್ರಾನ್ಸಿನ ಡಾಕ್ಟರ್ ಮೊರಿಸ್ ರೇನೋ 1862ರಲ್ಲೇ ಇದನ್ನು ವಿವರಿಸಿ ಬರೆದಿದ್ದರು, ಆ ತೊಂದರೆಗೆ ಅವರದೇ ಹೆಸರಿದೆ. ಮತ್ತೆ, ಮರಗಟ್ಟಿದ ಕೈಯನ್ನು ಬಿಸಿ ಬಿಸಿ ನೀರಿಗೆ ಹಾಕಬೇಡಿ, ಬೆಂಕಿಗೆ ಹಿಡಿಯಬೇಡಿ. ಸುಡುವುದು ಗೊತ್ತೇ ಆಗುವುದಿಲ್ಲ. ಕಂಕುಳಲ್ಲಿ ಇಟ್ಟುಕೊಳ್ಳಿ. ಚಳಿ ಬರೀ ಕೊರೆಯುತ್ತಿರುವಾಗಲೇ ಕೈಯನ್ನು ಚಕ್ರದ ಹಾಗೆ ಗಿರಗಿರ ತಿರುಗಿಸಿದರೆ ರಕ್ತ ತುದಿಗೆ ಓಡುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ಒಂದು ದೂರೂ ಇದೆ. ಗ್ಲೌಸ್ ಪೆಟ್ಟಿಗೆ ಮೇಲೆ ಮೈನಸ್ 5, ಮೈನಸ್ 10 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಯಾರ ಕೈಗೆ? ಎಷ್ಟು ವೇಗದಲ್ಲಿ? ಎಷ್ಟು ಹೊತ್ತು? ಸ್ಲೀಪಿಂಗ್ ಬ್ಯಾಗಿಗೆ ಯುರೋಪಿನಲ್ಲಿ ಇಎನ್ 13537 ಅಂತ ಅಳತೆ ಬಂದು ಎಷ್ಟೋ ವರ್ಷ ಆಯಿತು (ಈಗ ಅದರ ಜಾಗಕ್ಕೆ ಐಎಸ್ಒ 23537 ಬಂದಿದೆ), ಬಿಸಿ ಮಾಡಿದ ಬೊಂಬೆಯನ್ನು ಅದರೊಳಗೆ ಮಲಗಿಸಿ ಅಳೆಯುತ್ತಾರೆ. ಚಳಿಯಲ್ಲಿ ಕೆಲಸ ಮಾಡುವವರ ಗ್ಲೌಸಿಗೂ ಇಎನ್ 511 ಅಂತ ಇದೆ, ಮೂರು ಅಂಕೆ ಕೊಡುತ್ತಾರೆ: ಗಾಳಿಯ ಚಳಿ ತಡೆಯುವುದಕ್ಕೆ 0ರಿಂದ 4, ತಣ್ಣನೆಯ ವಸ್ತು ಮುಟ್ಟಿದಾಗಿನ ಚಳಿಗೆ 0ರಿಂದ 4, ನೀರಿಗೆ 0 ಅಥವಾ 1. ನಾನು ಕೊಂಡ ಒಂದೂ ಸೈಕಲ್ ಗ್ಲೌಸಿನ ಮೇಲೆ ಇಂಥದ್ದನ್ನು ಕಂಡಿಲ್ಲ. ಮಾಡುವವರು ಅದನ್ನು ಅಚ್ಚು ಹಾಕಲಿ, ಇಲ್ಲವೇ ಆ ಡಿಗ್ರಿ ಲೆಕ್ಕವನ್ನು ತೆಗೆದುಹಾಕಲಿ. ನಿಮ್ಮಂಥ ಪತ್ರಿಕೆಗಳು ಗ್ಲೌಸ್ ಬಗ್ಗೆ ಬರೆಯುವಾಗ ಈ ಪ್ರಶ್ನೆ ಕೇಳಿದರೆ ಅವರಿಗೂ ಸ್ವಲ್ಪ ಬಿಸಿ ಮುಟ್ಟುತ್ತದೆ.

ಪತ್ರ ಉದ್ದವಾಯಿತು. ಕತ್ತರಿಸುವುದಿದ್ದರೆ ಪೊದೆಯ ಕತೆ ತೆಗೆದುಬಿಡಿ, ಎರಡು ಜೊತೆಯ ವಿಷಯ ಮಾತ್ರ ಉಳಿಸಿ. ಮತ್ತೆ, ನೆಂದ ಗ್ಲೌಸನ್ನು ಹೀಟರ್ ಮೇಲೆ ಒಣಗಿಸಬಾರದು, ಗ್ಲೌಸಿನ ಅಂಗೈ ಭಾಗದ ಚರ್ಮ ಸೆಟೆದುಕೊಳ್ಳುತ್ತದೆ. ಒಳಗೆ ಹಳೆ ಪೇಪರ್ ತುರುಕಿ ರಾತ್ರಿ ಇಟ್ಟರೆ ಬೆಳಗ್ಗೆ ಹೊತ್ತಿಗೆ ಒಣಗಿರುತ್ತದೆ. ನೀವು ತಪ್ಪು ತಿಳಿಯದಿದ್ದರೆ ಹೇಳುತ್ತೇನೆ, ಈ ಕೆಲಸಕ್ಕೆ ನಿಮ್ಮ ಪತ್ರಿಕೆ ತುಂಬಾ ಚೆನ್ನಾಗಿದೆ. ದಪ್ಪ ಗ್ಲೌಸ್ ಹಾಕಿಕೊಳ್ಳಿ ಅಂದಿದ್ದ ಆ ಪುಟ ಈಗ ನನ್ನ ಎಡಗೈ ಗ್ಲೌಸಿನೊಳಗಿದೆ.

ಇತಿ,
ನಿಮ್ಮ ಓದುಗ, ಚಳಿಗಾಲದ ಸೈಕಲ್ ಸವಾರ